ಮದುವೆಯಾದ ಹೆಣ್ಣು ರಾಯಭಾರಿಯಾಗಬಹುದೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು, ವಯಸ್ಸು 26. ಎಂಜಿನಿಯರಿಂಗ್ ಮುಗಿಸಿ, ಕನ್ನಡದಲ್ಲಿಯೇ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆ ಬರೆದು ಪಾಸಾಗಿದ್ದೇನೆ. ಸಂದರ್ಶನಕ್ಕೆ ಮೊದಲು ಸೇವೆಗಳ ಆದ್ಯತೆಯ ಪಟ್ಟಿ ಕೊಡಬೇಕಾಗಿದೆ. ವಿದೇಶಾಂಗ ಸೇವೆಗೆ ಸೇರಬೇಕು, ಮುಂದೆ ರಾಯಭಾರಿಯಾಗಬೇಕು ಎಂಬುದು ನನ್ನ ಬಹುದಿನಗಳ ಆಸೆ. ಆದರೆ ಮನೆಯಲ್ಲಿ ಎಲ್ಲರೂ ಐಎಎಸ್ ಮೊದಲು ಬರೆ ಎನ್ನುತ್ತಿದ್ದಾರೆ. ವಿದೇಶಾಂಗ ಸೇವೆಯಲ್ಲಿ ಹೆಣ್ಣುಮಕ್ಕಳು ಮದುವೆಯಾಗಲು ಸರ್ಕಾರದ ಅನುಮತಿ ಬೇಕು, ಮಕ್ಕಳಾದರೆ ರಾಜೀನಾಮೆ ಕೇಳುತ್ತಾರೆ ಎಂದು ಅಣ್ಣ ಎಲ್ಲೋ ಓದಿದ್ದಾನೆ. ಮಹತ್ವದ ದೇಶಗಳಿಗೆ, ಗಲ್ಫ್‌ಗೆ ಹೆಂಗಸರನ್ನು ಕಳಿಸುವುದಿಲ್ಲ, ರಾಯಭಾರಿ ಹುದ್ದೆ ಏನಿದ್ದರೂ ರಾಜಕೀಯದವರಿಗೆ ಎಂದು ಸೋದರಮಾವ ಹೇಳುತ್ತಾರೆ. ನನ್ನ ಮದುವೆ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರೊಂದಿಗೆ ನಿಶ್ಚಯವಾಗುವ ಹಂತದಲ್ಲಿದೆ. ಅವರು ಬೇಡ ಎನ್ನುವುದಿಲ್ಲ, ಆದರೆ ತಾವೇನು ಮಾಡಬೇಕಾಗುತ್ತದೆ ಎಂಬುದು ಅವರಿಗೂ ತಿಳಿದಿಲ್ಲ, ನನಗೂ ತಿಳಿದಿಲ್ಲ. ಅಪ್ಪ, ಅಮ್ಮನಿಗೆ ವಯಸ್ಸಾಗುತ್ತಿದೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದಾಗಿ ಕಲೆತಿವೆ. ಕಾನೂನು ನಿಮ್ಮನ್ನು ತಡೆಯುತ್ತದೆಯೇ ಎಂಬುದು ಮೊದಲನೆಯದು. ಇಲಾಖೆ ಹೆಣ್ಣುಮಕ್ಕಳಿಗೆ ದೊಡ್ಡ ಹೊಣೆಗಳನ್ನು ಕೊಡುತ್ತದೆಯೇ ಎಂಬುದು ಎರಡನೆಯದು. ಇವೆರಡಕ್ಕೂ ಸ್ಪಷ್ಟವಾದ ಉತ್ತರಗಳಿವೆ, ಅವು ನಿಮ್ಮ ಪರವಾಗಿಯೇ ಇವೆ. ಈ ಬದುಕನ್ನು ನಿಮ್ಮ ಮನೆ ಹೇಗೆ ಹೊರುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನು ಮಾತ್ರ ಯಾವ ನಿಯಮಪುಸ್ತಕವೂ ಬಗೆಹರಿಸುವುದಿಲ್ಲ. ಮೂರು ದಶಕ ಈ ಸೇವೆಯಲ್ಲಿದ್ದು ನಿವೃತ್ತಳಾದ ನನ್ನ ಅನುಭವದಲ್ಲಿ, ಪ್ರತಿಭಾವಂತ ಹುಡುಗಿಯರು ಹಿಂದೆ ಉಳಿದದ್ದು ಹೆಚ್ಚಾಗಿ ಈ ಮೂರನೆಯ ಪ್ರಶ್ನೆಯನ್ನು ಸಮಯಕ್ಕೆ ಸರಿಯಾಗಿ ಕೇಳಿಕೊಳ್ಳದೆ ಇದ್ದುದರಿಂದ.

ನಿಮ್ಮ ಅಣ್ಣ ಓದಿದ್ದು ಕಟ್ಟುಕಥೆಯಲ್ಲ, ಹಳೆಯ ಸತ್ಯ. ಅದನ್ನು ಅಳಿಸಿಹಾಕಿದವರು ನಮ್ಮ ಕೊಡಗಿನ ಹೆಣ್ಣುಮಗಳು ಎಂಬುದನ್ನು ಕನ್ನಡದ ಪ್ರತಿಯೊಬ್ಬ ಅಭ್ಯರ್ಥಿಯೂ ತಿಳಿದಿರಬೇಕು. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ ಅವರು ಮಡಿಕೇರಿಯಲ್ಲಿ ಓದಿ, ಮದರಾಸಿನಲ್ಲಿ ಉನ್ನತ ಶಿಕ್ಷಣ ಪಡೆದು, 1948ರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಸಂದರ್ಶನ ಮಾಡಿದವರೇ ಈ ಸೇವೆ ಬೇಡವೆಂದು ಅವರ ಮನವೊಲಿಸಲು ನೋಡಿದರು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂಬ ಮುಚ್ಚಳಿಕೆಗೆ ಸಹಿ ಹಾಕಿಯೇ ಅವರು ಒಳಗೆ ಬರಬೇಕಾಯಿತು. 1961ರ ನಡತೆ ನಿಯಮಗಳಲ್ಲಿ, ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾಗಬಹುದೆಂದು ಸರ್ಕಾರಕ್ಕೆ ಅನ್ನಿಸಿದರೆ ಆಕೆಯಿಂದ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು ಎಂದು ಬರೆದಿತ್ತು. ಮದುವೆಯಾದ ಹೆಣ್ಣಿಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ ಎಂದು ನೇಮಕಾತಿಯ ನಿಯಮ ಹೇಳುತ್ತಿತ್ತು. ಗಂಡಸರಿಗೆ ಇಂಥ ಯಾವ ಷರತ್ತೂ ಇರಲಿಲ್ಲ.

ಮುತ್ತಮ್ಮ ಅವರು 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ಸೇವೆಯ ಒಳಗಿನಿಂದ ಬೆಳೆದು ಆ ಹುದ್ದೆಗೇರಿದ ಮೊದಲ ಭಾರತೀಯ ಮಹಿಳೆ ಅವರೇ. ಆದರೂ ಅತ್ಯುನ್ನತ ಶ್ರೇಣಿಯ ಬಡ್ತಿಯ ಸಮಯ ಬಂದಾಗ ಅವರನ್ನು ಬಿಟ್ಟು ಕಿರಿಯರನ್ನು ಮೇಲಕ್ಕೆ ತೆಗೆದುಕೊಳ್ಳಲಾಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ನ್ಯಾಯಾಲಯದಲ್ಲಿ ಇರುವಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತು. ನೇಮಕಾತಿಯ ಆ ನಿಯಮವನ್ನು 1973ರಲ್ಲೇ ತೆಗೆದುಹಾಕಲಾಗಿದೆ, ಮದುವೆಯ ಅನುಮತಿಯ ನಿಯಮವನ್ನೂ ತೆಗೆಯಲಾಗುತ್ತಿದೆ ಎಂದು ಪ್ರಮಾಣಪತ್ರ ಸಲ್ಲಿಸಿತು. 1979ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಸಂಸಾರದ ಹೊಣೆ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗಬಹುದಾದರೆ ಗಂಡಿನ ಕೆಲಸಕ್ಕೂ ಅಡ್ಡಿಯಾಗಬಹುದಲ್ಲವೇ ಎಂದು ಕೇಳಿದರು. ಬಡ್ತಿ ಸಿಕ್ಕಿದ್ದರಿಂದ ಅರ್ಜಿಯನ್ನು ವಜಾ ಮಾಡುತ್ತೇವೆ, ಸಮಸ್ಯೆಯನ್ನಲ್ಲ ಎಂದು ಹೇಳಿ, ಲಿಂಗ ತಾರತಮ್ಯದ ಕಲೆ ಉಳಿದಿರುವ ಎಲ್ಲ ಸೇವಾ ನಿಯಮಗಳನ್ನೂ ಸರಿಪಡಿಸುವ ಅಗತ್ಯವನ್ನು ಸರ್ಕಾರಕ್ಕೆ ಮನಗಾಣಿಸಿದರು. ಮುತ್ತಮ್ಮ ಅವರ ಜ್ಯೇಷ್ಠತೆಯನ್ನು ಮರುಪರಿಶೀಲಿಸಬೇಕೆಂದೂ ಸೂಚಿಸಿದರು. ಮುತ್ತಮ್ಮ ಘಾನಾ, ನೆದರ್‌ಲೆಂಡ್ಸ್‌ಗಳಲ್ಲೂ ಭಾರತವನ್ನು ಪ್ರತಿನಿಧಿಸಿ 1982ರಲ್ಲಿ ನಿವೃತ್ತರಾದರು. ಆ ತೀರ್ಪಿನ ನಂತರ ಸೇರಿದ ನಾವೆಲ್ಲರೂ ಮುಚ್ಚಳಿಕೆಯ ಭಯವಿಲ್ಲದೆ ಮದುವೆಯಾಗಿ ಮಕ್ಕಳನ್ನು ಹೆತ್ತವರು. ಆ ಋಣವನ್ನು ನಾನು ಇಂದಿಗೂ ಮರೆತಿಲ್ಲ.

ಈಗ ಉಳಿದಿರುವ ನಿಯಮ ಒಂದೇ: ಸಂಗಾತಿ ವಿದೇಶಿ ಪ್ರಜೆಯಾಗಿದ್ದರೆ ಮುಂಚಿತವಾಗಿ ಅನುಮತಿ ಪಡೆಯಬೇಕು, ಅದು ಗಂಡಿಗೂ ಹೆಣ್ಣಿಗೂ ಸಮಾನವಾಗಿ ಅನ್ವಯಿಸುತ್ತದೆ. ಬೆಂಗಳೂರಿನ ಹುಡುಗನನ್ನು ಮದುವೆಯಾಗಲು ನೀವು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಹೆರಿಗೆಗೆ 180 ದಿನಗಳ ರಜೆ, ಮಕ್ಕಳಿಗೆ 18 ತುಂಬುವವರೆಗೆ ಬಳಸಬಹುದಾದ ಒಟ್ಟು 730 ದಿನಗಳ ಶಿಶುಪಾಲನಾ ರಜೆ ಇತರ ಕೇಂದ್ರ ಸರ್ಕಾರಿ ಮಹಿಳಾ ನೌಕರರಂತೆ ನಿಮಗೂ ಇವೆ.

ನಿಮ್ಮ ಸೋದರಮಾವನ ಮಾತಿಗೆ ಬರುತ್ತೇನೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಾಸ್ಕೋಗೂ ನಂತರ ವಾಷಿಂಗ್ಟನ್‌ಗೂ ರಾಯಭಾರಿಯಾಗಿ ಹೋದ, 1953ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಮೊದಲ ಮಹಿಳಾ ಅಧ್ಯಕ್ಷರಾದ ವಿಜಯಲಕ್ಷ್ಮಿ ಪಂಡಿತ್ ರಾಜಕೀಯ ಹಿನ್ನೆಲೆಯಿಂದ ನೇಮಕವಾದವರು. ಹಾಗಾಗಿ ಹಳೆಯ ತಲೆಮಾರಿಗೆ ಹಾಗೆ ಅನ್ನಿಸುವುದು ಸಹಜ. ಇಂದಿಗೂ ಸರ್ಕಾರ ಆಗೊಮ್ಮೆ ಈಗೊಮ್ಮೆ ಹೊರಗಿನವರನ್ನು ನೇಮಿಸುತ್ತದೆ, ಅದಕ್ಕೆ ಅಧಿಕಾರವೂ ಇದೆ. ಆದರೆ ಭಾರತದ ರಾಯಭಾರಿಗಳಲ್ಲಿ ಬಹುಪಾಲು ಜನ ಈ ಪರೀಕ್ಷೆಯ ಮೂಲಕವೇ ಬಂದ ಅಧಿಕಾರಿಗಳು. ಚೋಕಿಲಾ ಅಯ್ಯರ್ 2001ರಲ್ಲಿ, ನಿರುಪಮಾ ರಾವ್ 2009ರಲ್ಲಿ, ಸುಜಾತಾ ಸಿಂಗ್ 2013ರಲ್ಲಿ ವಿದೇಶಾಂಗ ಕಾರ್ಯದರ್ಶಿಗಳಾದರು. ಅದು ಇಡೀ ಸೇವೆಯ ಮುಖ್ಯಸ್ಥರ ಸ್ಥಾನ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ನಿರುಪಮಾ ರಾವ್ ಅದಕ್ಕೆ ಮುಂಚೆ ಶ್ರೀಲಂಕಾದಲ್ಲಿ ಹೈಕಮಿಷನರ್ ಆಗಿದ್ದರು, ಚೀನಾಕ್ಕೆ ಭಾರತದ ಮೊದಲ ಮಹಿಳಾ ರಾಯಭಾರಿಯಾಗಿದ್ದರು, ಆನಂತರ ಅಮೆರಿಕಕ್ಕೂ ರಾಯಭಾರಿಯಾದರು. ಮೀರಾ ಶಂಕರ್ ಜರ್ಮನಿಯಲ್ಲಿ, ಬಳಿಕ ಅಮೆರಿಕದಲ್ಲಿ ರಾಯಭಾರಿಯಾಗಿದ್ದರು. 1996ರಲ್ಲಿ ಜಿನೀವಾದಲ್ಲಿ ಸಮಗ್ರ ಪರಮಾಣು ಪರೀಕ್ಷಾ ನಿಷೇಧ ಒಪ್ಪಂದದ ವಿರುದ್ಧ ಭಾರತದ ನಿಲುವನ್ನು ದೊಡ್ಡ ರಾಷ್ಟ್ರಗಳ ಮುಖಕ್ಕೆ ಮುಖ ಕೊಟ್ಟು ಮಂಡಿಸಿದವರು ಅರುಂಧತಿ ಘೋಷ್. ರುಚಿರಾ ಕಾಂಬೋಜ್ 2022ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಗೆ ಭಾರತದ ಮೊದಲ ಮಹಿಳಾ ಕಾಯಂ ಪ್ರತಿನಿಧಿಯಾದರು. ಗಲ್ಫ್ ವಿಷಯಕ್ಕೆ ಬಂದರೆ, ದೀಪಾ ಗೋಪಾಲನ್ ವಾಧ್ವಾ 2009ರಿಂದ ಕತಾರ್‌ನಲ್ಲಿ ರಾಯಭಾರಿಯಾಗಿದ್ದರು, ಅಲ್ಲಿಂದ ಜಪಾನಿಗೆ ಹೋದರು.

ಹುದ್ದೆ ಹೇಗೆ ಬರುತ್ತದೆ ಎಂಬುದನ್ನೂ ತಿಳಿದಿರಿ. ಮಸ್ಸೂರಿಯಲ್ಲಿ ಬುನಾದಿ ತರಬೇತಿ, ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ವೃತ್ತಿ ತರಬೇತಿ ಮುಗಿದ ಮೇಲೆ ಒಂದು ವಿದೇಶಿ ಭಾಷೆ ನಿಮ್ಮ ಪಾಲಿಗೆ ಬರುತ್ತದೆ. ಅದು ಅರಬ್ಬಿ, ಚೀನಿ, ರಷ್ಯನ್, ಫ್ರೆಂಚ್, ಸ್ಪ್ಯಾನಿಷ್ ಹೀಗೆ ಯಾವುದೂ ಆಗಿರಬಹುದು. ಆ ಭಾಷೆಯ ದೇಶದಲ್ಲಿ ತೃತೀಯ ಕಾರ್ಯದರ್ಶಿಯಾಗಿ ಕೆಲಸ ಆರಂಭಿಸಿ, ದ್ವಿತೀಯ, ಪ್ರಥಮ ಕಾರ್ಯದರ್ಶಿ, ಕೌನ್ಸೆಲರ್ ಎಂಬ ಹಂತಗಳನ್ನು ದಾಟಬೇಕು. ನಡುನಡುವೆ ದೆಹಲಿಯ ಕಚೇರಿಗೆ ಮರಳಬೇಕು. ರಾಯಭಾರಿಯ ಕುರ್ಚಿ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳ ಸೇವೆಯ ನಂತರದ ಮಾತು, ಅಂದರೆ ನಿಮ್ಮ ಲೆಕ್ಕದಲ್ಲಿ ನಲವತ್ತರ ಆಸುಪಾಸು ಅಥವಾ ಅದರಾಚೆ. ಸರ್ಕಾರ ಹೆಸರು ಸೂಚಿಸಿದ ಮೇಲೂ ಆತಿಥೇಯ ದೇಶ ಸಮ್ಮತಿಸಬೇಕು. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ ಪ್ರಕಾರ ಅದು ಒಪ್ಪದಿದ್ದರೆ ಕಾರಣವನ್ನೂ ಹೇಳಬೇಕಾಗಿಲ್ಲ. ಆಮೇಲೆ ರಾಷ್ಟ್ರಪತಿಗಳ ಸಹಿಯಿರುವ ಅಧಿಕಾರಪತ್ರದೊಂದಿಗೆ ಹೊರಡುವುದು. ಕಾಮನ್‌ವೆಲ್ತ್ ದೇಶಗಳಲ್ಲಿ ಇದೇ ಹುದ್ದೆಯನ್ನು ಹೈಕಮಿಷನರ್ ಎನ್ನುತ್ತಾರೆ.

ಇನ್ನು ಆ ಮೂರನೆಯ ಪ್ರಶ್ನೆ. ತೊಡಕು ರಾಯಭಾರಿಯಾದಾಗ ಬರುವುದಕ್ಕಿಂತ ಹೆಚ್ಚಾಗಿ, ಅದಕ್ಕೆ ಹತ್ತು ಹನ್ನೆರಡು ವರ್ಷ ಮುಂಚೆ ಬರುತ್ತದೆ. ಒಂದು ಊರಿನಲ್ಲಿ ಸುಮಾರು ಮೂರು ವರ್ಷ, ಕಷ್ಟದ ಊರುಗಳಲ್ಲಿ ಅದಕ್ಕಿಂತ ಕಡಿಮೆ. ಸಾಮಾನ್ಯವಾಗಿ ಎರಡು ವಿದೇಶಿ ನಿಯೋಜನೆಗಳಾದ ಮೇಲೆ ದೆಹಲಿ. ಊರುಗಳಿಗೆ ಅಲ್ಲಿನ ಜೀವನದ ಕಷ್ಟಕ್ಕೆ ತಕ್ಕಂತೆ ಎ, ಬಿ, ಸಿ ಎಂಬ ವರ್ಗಗಳಿದ್ದು, ಎಲ್ಲರೂ ಸುಖದ ಊರು, ಕಷ್ಟದ ಊರು ಎರಡನ್ನೂ ಹಂಚಿಕೊಳ್ಳಬೇಕು. ಈಗ ಮೂವತ್ತರಿಂದ ನಲವತ್ತರವರೆಗಿನ ನಿಮ್ಮ ಬದುಕನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಕ್ಕಳು ಹುಟ್ಟುವುದು, ಶಾಲೆಗೆ ಸೇರುವುದು, ಗಂಡನ ವೃತ್ತಿ ಗಟ್ಟಿಯಾಗುವುದು ಆ ವರ್ಷಗಳಲ್ಲೇ. ಇಲಾಖೆ ನಿಮ್ಮ ಹೆಸರನ್ನು ಗುರುತಿಟ್ಟುಕೊಳ್ಳುವಂಥ ಕಠಿಣ ನಿಯೋಜನೆಗಳು ಎದುರಾಗುವುದೂ ಆಗಲೇ. ನೆರೆಯ ದೇಶಗಳ ವಿಭಾಗ, ಸಂಘರ್ಷದ ಪ್ರದೇಶ, ದೆಹಲಿಯಲ್ಲಿ ರಾತ್ರಿ ಹತ್ತರವರೆಗೆ ಕೂರಿಸುವ ಮೇಜು ಇಂಥವು. ಕೆಲವು ಊರುಗಳಿಗೆ ಕುಟುಂಬವನ್ನು ಕರೆದೊಯ್ಯುವಂತಿರುವುದಿಲ್ಲ. ಇಸ್ಲಾಮಾಬಾದಿನಲ್ಲಿರುವ ನಮ್ಮ ಸಿಬ್ಬಂದಿಗೆ ಮಕ್ಕಳನ್ನು ಅಲ್ಲಿನ ಶಾಲೆಗಳಿಂದ ಬಿಡಿಸುವಂತೆ 2016ರಲ್ಲಿ ಸರ್ಕಾರವೇ ಸೂಚಿಸಿತು. ಈ ಸಮಯದಲ್ಲಿ ಪುರುಷ ಸಹೋದ್ಯೋಗಿಯ ಪತ್ನಿ ಕೆಲಸ ಬಿಟ್ಟು ಜೊತೆಗೆ ಹೊರಟರೆ ಊರೆಲ್ಲ ಅದನ್ನು ಸಹಜ ಎನ್ನುತ್ತದೆ. ಮಹಿಳಾ ಅಧಿಕಾರಿಯ ಪತಿ ಹಾಗೆ ಮಾಡಿದರೆ ಅವನ ತಾಯಿ ತಂದೆಯಿಂದ ಹಿಡಿದು ಗೆಳೆಯರವರೆಗೆ ಎಲ್ಲರಿಗೂ ಉತ್ತರ ಹೇಳಬೇಕಾಗುತ್ತದೆ. ಆ ಒತ್ತಡ ತಡೆಯಲಾರದೆ ಹಗುರವಾದ ನಿಯೋಜನೆಗಳನ್ನೇ ಮತ್ತೆ ಮತ್ತೆ ಕೇಳಿ ಪಡೆದ ಸಮರ್ಥ ಮಹಿಳೆಯರನ್ನು ನಾನು ನೋಡಿದ್ದೇನೆ. ಯಾರೂ ಅವರನ್ನು ತಡೆಯಲಿಲ್ಲ, ಶಿಕ್ಷಿಸಲೂ ಇಲ್ಲ. ಆದರೆ ಮುಖ್ಯ ರಾಜಧಾನಿಗೆ ಹೆಸರು ಆರಿಸುವ ದಿನ ಅವರ ಸೇವಾ ದಾಖಲೆಯಲ್ಲಿ ಹೇಳಿಕೊಳ್ಳುವಂಥ ಕಷ್ಟದ ಕೆಲಸ ಇರಲಿಲ್ಲ.

ಹಾಗಾದರೆ ನಿಮ್ಮ ಭಾವಿ ಪತಿ ಏನು ಮಾಡಬಹುದು? ಜೊತೆಯಲ್ಲಿ ಬರುವುದು ಒಂದು ದಾರಿ. ರಾಜತಾಂತ್ರಿಕರ ಅವಲಂಬಿತರು ಆತಿಥೇಯ ದೇಶದಲ್ಲಿ ಸಂಬಳಕ್ಕೆ ದುಡಿಯಬೇಕಾದರೆ ಸಾಮಾನ್ಯವಾಗಿ ಎರಡು ದೇಶಗಳ ನಡುವೆ ಅದಕ್ಕೊಂದು ಒಪ್ಪಂದವಿರಬೇಕು. ಭಾರತ ಹಲವು ದೇಶಗಳೊಂದಿಗೆ ಇಂಥ ಒಪ್ಪಂದ ಮಾಡಿಕೊಂಡಿದೆ, ಎಲ್ಲದರೊಂದಿಗೂ ಅಲ್ಲ. ಆ ಕೆಲಸದ ಮಟ್ಟಿಗೆ ಅವರಿಗೆ ರಾಜತಾಂತ್ರಿಕ ವಿನಾಯಿತಿ ಇರುವುದಿಲ್ಲ, ತೆರಿಗೆಯನ್ನೂ ಅಲ್ಲಿಯೇ ಕಟ್ಟಬೇಕಾಗಬಹುದು. ಬೆಂಗಳೂರಿನ ಕಂಪನಿಗೆ ಅಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದರಾಯಿತು ಎಂದು ಈಗಿನ ಹುಡುಗರು ಸುಲಭವಾಗಿ ಹೇಳುತ್ತಾರೆ. ಅದಕ್ಕೂ ಇಲಾಖೆಗೆ ತಿಳಿಸಿ, ಕಂಪನಿಯ ಲಿಖಿತ ಒಪ್ಪಿಗೆ ಪಡೆದು, ಆತಿಥೇಯ ದೇಶದ ನಿಯಮ ನೋಡಿಕೊಂಡೇ ಮುಂದುವರಿಯಬೇಕು. ಹೇಳದೆ ಮಾಡಿದ ಕೆಲಸ ಬಯಲಾದರೆ ಮುಜುಗರ ನಿಮ್ಮದು ಮಾತ್ರವಲ್ಲ, ದೇಶದ್ದೂ ಆಗುತ್ತದೆ. ಹೀಗಿದ್ದರೂ ನಿಮ್ಮವರ ವೃತ್ತಿ ಇತರ ಅನೇಕ ವೃತ್ತಿಗಳಿಗಿಂತ ಈ ಬದುಕಿಗೆ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ವಕೀಲರಿಗೆ, ವೈದ್ಯರಿಗೆ ಪ್ರತಿ ದೇಶದಲ್ಲೂ ಹೊಸ ಪರವಾನಗಿಯ ತೊಡಕಿದೆ.

ಬೇರೆ ಬೇರೆ ಊರಿನಲ್ಲಿ ಇರುವುದು ಎರಡನೆಯ ದಾರಿ. ಒಂದೆರಡು ನಿಯೋಜನೆಗಳಿಗೆ ಇದು ನಡೆಯುತ್ತದೆ, ಆದರೆ ಮಗು ಯಾರ ಬಳಿ ಇರಬೇಕೆಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ಮನಸ್ಸುಗಳು ಮುರಿಯುತ್ತವೆ. ಗಂಡ ಹೆಂಡತಿ ಇಬ್ಬರೂ ಸೇವೆಯಲ್ಲಿದ್ದರೂ ಈ ತೊಡಕು ತಪ್ಪುವುದಿಲ್ಲ. ಒಂದೇ ಊರಿನ ನಿಯೋಜನೆಯನ್ನು ಕೇಳಬಹುದು, ಅದು ಹಕ್ಕಲ್ಲ. ಇಬ್ಬರೂ ಹಿರಿಯರಾದ ಮೇಲಂತೂ ಒಂದು ರಾಯಭಾರ ಕಚೇರಿಗೆ ಇಬ್ಬರು ಮುಖ್ಯಸ್ಥರು ಇರಲಾಗದು. ದೀಪಾ ವಾಧ್ವಾ ಕತಾರ್‌ಗೆ ಹೋದಾಗ ಅವರ ಪತಿ ಅನಿಲ್ ವಾಧ್ವಾ ಒಮಾನ್‌ನಲ್ಲಿ ರಾಯಭಾರಿಯಾಗಿದ್ದರು. ರುಚಿ ಘನಶ್ಯಾಮ್ ಹಾಗೂ ಎ.ಆರ್. ಘನಶ್ಯಾಮ್ ದಂಪತಿ ಇಬ್ಬರೂ ಇಸ್ಲಾಮಾಬಾದಿನ ನಮ್ಮ ಹೈಕಮಿಷನ್‌ನಲ್ಲಿ ಕೆಲಸ ಮಾಡಿದವರು. 1999ರ ಡಿಸೆಂಬರ್‌ನಲ್ಲಿ ವಿಮಾನ ಅಪಹರಣವಾದಾಗ ಎ.ಆರ್. ಘನಶ್ಯಾಮ್ ಅಲ್ಲಿಂದ ಕಂದಹಾರ್‌ಗೆ ಹೋಗಬೇಕಾಯಿತು. ಮುಂದೆ ರುಚಿ ಅವರು 2018ರಲ್ಲಿ ಲಂಡನ್ನಿನಲ್ಲಿ ಹೈಕಮಿಷನರ್ ಆದರು. ನಿರುಪಮಾ ರಾವ್ ಅವರ ಪತಿ ಸುಧಾಕರ ರಾವ್ ಐಎಎಸ್ ಅಧಿಕಾರಿಯಾಗಿ ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿಯ ಹುದ್ದೆಗೇರಿದವರು. ಹಾಗಾಗಿ ಇಬ್ಬರ ವೃತ್ತಿಯೂ ಶಿಖರ ಮುಟ್ಟುವುದು ಅಸಾಧ್ಯವಲ್ಲ. ಅದಕ್ಕೆ ತೆರಬೇಕಾದ ಬೆಲೆಯನ್ನು ಇಬ್ಬರೂ ತಿಳಿದೇ ತೆರಬೇಕು.

ಹೆಚ್ಚಿನವರು ಮಾತನಾಡದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ರಾಯಭಾರಿಯ ಮನೆಯೂ ಕಚೇರಿಯ ಮುಂದುವರಿಕೆಯೇ. ಊಟದ ಮೇಜಿನಲ್ಲಿ ಸಚಿವರು, ಉದ್ಯಮಿಗಳು, ಸಂಪಾದಕರು ಕೂರುತ್ತಾರೆ, ಎಷ್ಟೋ ಕೆಲಸ ಅಲ್ಲಿಯೇ ಕುದುರುತ್ತದೆ. ಪುರುಷ ರಾಯಭಾರಿಗಳ ಮನೆಯಲ್ಲಿ ಈ ಆತಿಥ್ಯದ ಭಾರವನ್ನು ಸಂಬಳವಿಲ್ಲದೆ ಹೊತ್ತವರು ಅವರ ಪತ್ನಿಯರು. ರಾಯಭಾರಿ ಮಹಿಳೆಯಾದಾಗ ಆ ಕೆಲಸ ಮಾಯವಾಗುವುದಿಲ್ಲ. ಹಗಲು ಮಾತುಕತೆ ನಡೆಸಿದವಳೇ ಸಂಜೆ ಅಡುಗೆಯ ಪಟ್ಟಿಯನ್ನೂ ನೋಡಬೇಕೆಂದು ಎಲ್ಲರೂ ನಿರೀಕ್ಷಿಸುತ್ತಾರೆ. ಆತಿಥ್ಯಕ್ಕೆ ಸರ್ಕಾರ ಭತ್ಯೆ ಕೊಡುತ್ತದೆ, ಅದನ್ನು ಬಳಸಿ ಒಳ್ಳೆಯ ಅಡುಗೆಯವರನ್ನೂ ಮನೆಯ ವ್ಯವಸ್ಥೆ ನೋಡುವವರನ್ನೂ ಮೊದಲ ತಿಂಗಳೇ ಗೊತ್ತುಮಾಡಿಕೊಳ್ಳಬೇಕು. ಪತಿ ಜೊತೆಗಿದ್ದರೆ ಕೆಲವು ಊರುಗಳಲ್ಲಿ ಅತಿಥಿಗಳು ಅವರನ್ನೇ ರಾಯಭಾರಿ ಎಂದುಕೊಂಡು ಕೈಕುಲುಕುತ್ತಾರೆ. ಅದನ್ನು ಸಹಜವಾಗಿ ತಿದ್ದಿ, ಪಕ್ಕಕ್ಕೆ ಸರಿದು ನಿಲ್ಲುವ ದೊಡ್ಡತನ ನಿಮ್ಮ ಭಾವಿ ಪತಿಗೆ ಇದೆಯೇ ಎಂಬುದನ್ನು ಈಗಲೇ ತಿಳಿದುಕೊಳ್ಳಿ.

ಮನೆಗೆಲಸಕ್ಕೆ ಊರಿನಿಂದ ಯಾರನ್ನಾದರೂ ಕರೆದೊಯ್ಯುವ ಯೋಚನೆ ಎಲ್ಲ ತಾಯಂದಿರಿಗೂ ಬರುತ್ತದೆ. ಆತಿಥೇಯ ದೇಶದ ಕನಿಷ್ಠ ವೇತನದ ಕಾನೂನು ಅಲ್ಲಿ ಅನ್ವಯಿಸಬಹುದು ಎಂಬ ಎಚ್ಚರ ಇರಲಿ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಮ್ಮ ಉಪ ಕಾನ್ಸುಲ್ ಜನರಲ್ ಒಬ್ಬರ ಬಂಧನವಾಗಿ ಎರಡು ದೇಶಗಳ ಸಂಬಂಧವೇ ಬಿಗಡಾಯಿಸಿದ್ದು ಇಂಥ ವಿವಾದದಿಂದ. ರಾಜತಾಂತ್ರಿಕರನ್ನು ಯಾರೂ ಮುಟ್ಟುವಂತಿಲ್ಲ ಎಂಬ ನಂಬಿಕೆಯೂ ಅರ್ಧ ಸತ್ಯ. ರಾಯಭಾರ ಕಚೇರಿಯ ರಾಜತಾಂತ್ರಿಕ ಅಧಿಕಾರಿಗಳಿಗಿರುವ ವ್ಯಾಪಕ ರಕ್ಷಣೆ, ರಾಜಧಾನಿಯ ಹೊರಗಿನ ಊರುಗಳಲ್ಲಿರುವ ಕಾನ್ಸುಲೇಟ್ ಕಚೇರಿಗಳ ಅಧಿಕಾರಿಗಳಿಗೆ ಇಲ್ಲ. ಅವರಿಗಿರುವುದು ಮುಖ್ಯವಾಗಿ ಕರ್ತವ್ಯದ ಕೆಲಸಗಳ ಮಟ್ಟಿನ ರಕ್ಷಣೆ.

ಅಪ್ಪ ಅಮ್ಮನ ವಿಷಯದಲ್ಲಿ ನಿಮಗೆ ಸಮಾಧಾನ ಹೇಳಲು ಸುಳ್ಳು ಹೇಳಲಾರೆ. ಅವರು ನಿಮ್ಮ ಬಳಿ ಬಂದು ಕೆಲವು ತಿಂಗಳು ಇರಬಹುದು, ಆದರೆ ಹಾಸನದಲ್ಲಿ ರಾತ್ರಿ ಎದೆನೋವು ಬಂದರೆ ನೀವು ಒಂದೂವರೆ ದಿನದ ದೂರದಲ್ಲಿರುತ್ತೀರಿ. ಅಣ್ಣನೊಂದಿಗೆ ಈ ಮಾತನ್ನು ಬಾಯಿಬಿಟ್ಟು ಆಡಿ, ಹಣದ ಹೊಣೆ ಯಾರದು, ಹತ್ತಿರವಿದ್ದು ನೋಡಿಕೊಳ್ಳುವವರು ಯಾರು ಎಂಬುದನ್ನು ತೀರ್ಮಾನಿಸಿಕೊಳ್ಳಿ. ಐಎಎಸ್ ಆದರೆ ಮನೆಯ ಹತ್ತಿರವಿರುತ್ತೀ ಎಂಬ ನಿಮ್ಮ ಮನೆಯವರ ಲೆಕ್ಕವೂ ಪೂರ್ತಿ ಸರಿಯಲ್ಲ. ಕರ್ನಾಟಕ ಕೇಡರ್ ಸಿಗುವುದು ರ‍್ಯಾಂಕ್ ಮತ್ತು ಆ ವರ್ಷದ ಖಾಲಿ ಹುದ್ದೆಗಳ ಮೇಲೆ ನಿಂತಿದೆ. ಸಿಗದಿದ್ದರೆ ನಾಗಾಲ್ಯಾಂಡೋ ಗುಜರಾತೋ ನಿಮ್ಮ ವೃತ್ತಿಜೀವನದ ನೆಲೆಯಾಗಬಹುದು.

ಕನ್ನಡ ಮಾಧ್ಯಮದಿಂದ ಬಂದ ನೀವು ಕೇಳದೆ ಬಿಟ್ಟ ಅಳುಕೊಂದು ಇರಬಹುದು. ಈ ಸೇವೆ ಕಾನ್ವೆಂಟಿನ ಮಕ್ಕಳಿಗೇ ಮೀಸಲು ಎಂಬ ಕಾಲ ಹಿಂದೆ ಸರಿದಿದೆ. ಆದರೆ ದಿನನಿತ್ಯದ ಟಿಪ್ಪಣಿ, ವರದಿ, ಕರಡು ಒಪ್ಪಂದ ಎಲ್ಲವೂ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಮೊದಲ ಎರಡು ವರ್ಷ ಇದಕ್ಕಾಗಿ ಇತರರಿಗಿಂತ ಹೆಚ್ಚು ಶ್ರಮಪಡಬೇಕಾಗುತ್ತದೆ, ಪಟ್ಟರೆ ಸಾಕಾಗುತ್ತದೆ. ನಿಮ್ಮ ಕನ್ನಡವೂ ಅಲ್ಲಿ ವ್ಯರ್ಥವಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಭುಗಿಲೆದ್ದಾಗ ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಬಿದ್ದಿದ್ದರು, ಆಪರೇಷನ್ ಕಾವೇರಿಯಲ್ಲಿ ಅವರನ್ನು ಕರೆತರಲಾಯಿತು. ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫ್‌ಗೆ ಹೋದವರ ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿ ಸಿಲುಕುವುದು, ಸಂಬಳ ನಿಲ್ಲುವುದು, ಸತ್ತವರ ದೇಹವನ್ನು ಊರಿಗೆ ಕಳಿಸುವುದು ಇವೆಲ್ಲ ರಾಯಭಾರ ಕಚೇರಿಯ ದಿನದ ಕೆಲಸ. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇರುವುದು ಇಂಥ ಸಂಕಟಗಳಿಗಾಗಿಯೇ. ಮನೆಗೆಲಸಕ್ಕೆ ಹೋಗಿ ಹಿಂಸೆಗೊಳಗಾದ ಹೆಂಗಸರು ಎದುರಿಗೆ ಮಹಿಳಾ ಅಧಿಕಾರಿ ಕುಳಿತಿದ್ದರೆ, ಗಂಡಸರ ಮುಂದೆ ಬಾಯಿಗೆ ಬಾರದ ಮಾತನ್ನು ಹೇಳುತ್ತಾರೆ. ನನ್ನ ಸೇವೆಯಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ಕಂಡ ಗಂಟೆಗಳು ಔತಣಕೂಟಗಳಲ್ಲಿ ಕಳೆದವಲ್ಲ, ಅಂಥವರ ಮಾತು ಕೇಳುತ್ತ ಕುಳಿತವು.

ಆದ್ಯತೆಯ ಪಟ್ಟಿಯ ಬಗ್ಗೆ ಒಂದು ಎಚ್ಚರಿಕೆ. ಐಎಎಸ್ ಅಥವಾ ವಿದೇಶಾಂಗ ಸೇವೆಗೆ ನೇಮಕವಾಗಿ ಸೇವೆಯಲ್ಲಿ ಮುಂದುವರಿಯುತ್ತಿರುವವರು ಮತ್ತೆ ನಾಗರಿಕ ಸೇವೆಗಳ ಪರೀಕ್ಷೆ ಬರೆಯುವಂತಿಲ್ಲ. ಆದ್ದರಿಂದ ಸುಮ್ಮನೆ ಬರೆದು ನೋಡೋಣ, ಮುಂದಿನ ವರ್ಷ ಬದಲಿಸೋಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಿಲ್ಲೆಯ ಆಡಳಿತ ನಡೆಸುವುದು, ನಿಮ್ಮ ನಿರ್ಧಾರದ ಫಲವನ್ನು ನಿಮ್ಮ ಊರಿನಂಥ ಊರುಗಳಲ್ಲಿ ಕಣ್ಣಾರೆ ಕಾಣುವುದು ನಿಮಗೆ ಮುಖ್ಯವೆನಿಸಿದರೆ ಐಎಎಸ್ ಮೊದಲು ಬರೆಯಿರಿ, ಅದಕ್ಕಾಗಿ ಪಶ್ಚಾತ್ತಾಪ ಬೇಡ. ಪತ್ರದಲ್ಲಿ ಬರೆದಂತೆ ಆಸೆ ನಿಜವಾಗಿಯೂ ವಿದೇಶಾಂಗ ಸೇವೆಯದೇ ಆಗಿದ್ದರೆ, ಮದುವೆಯ ಭಯದಿಂದ ಅದನ್ನು ಎರಡನೆಯ ಸಾಲಿಗೆ ಇಳಿಸಬೇಡಿ. ಅದಕ್ಕೆ ಮುಂಚೆ ನಿಮ್ಮ ಭಾವಿ ಪತಿಯೊಂದಿಗೆ ಕುಳಿತು, ಮೊದಲ ಹತ್ತು ವರ್ಷಗಳಲ್ಲಿ ಯಾರ ಕೆಲಸಕ್ಕೆ ಯಾವಾಗ ಯಾರು ತಗ್ಗಬೇಕು, ಮಗು ಯಾವಾಗ ಬೇಕು, ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ವರ್ಷಗಳನ್ನು ದೆಹಲಿಯ ಅವಧಿಗೆ ಹೊಂದಿಸಲು ಆಗುತ್ತದೆಯೇ ಎಂಬುದನ್ನೆಲ್ಲ ಹೆಸರು ಹಿಡಿದು ಮಾತನಾಡಿ. ಆಗಲಿ ನೋಡೋಣ ಎಂಬ ಒಪ್ಪಿಗೆ ಸಾಲದು.

ಸಂದರ್ಶನವನ್ನು ನೀವು ಕನ್ನಡದಲ್ಲಿಯೇ ಎದುರಿಸಬಹುದು, ದುಭಾಷಿಯನ್ನು ಪರೀಕ್ಷೆ ನಡೆಸುವ ಕೇಂದ್ರ ಲೋಕಸೇವಾ ಆಯೋಗವೇ ಒದಗಿಸುತ್ತದೆ. ವಿದೇಶಾಂಗ ಸೇವೆಯನ್ನು ಮೊದಲು ಬರೆದವರಿಗೆ ಏಕೆ ಎಂಬ ಪ್ರಶ್ನೆ ಸಾಮಾನ್ಯವಾಗಿ ಬಂದೇ ಬರುತ್ತದೆ. ಕುಟುಂಬವನ್ನು ಹೇಗೆ ನಿಭಾಯಿಸುತ್ತೀರಿ ಎಂದು ಯಾರಾದರೂ ಕೇಳಿದರೆ ಕೋಪಗೊಳ್ಳದೆ, ಕ್ಷಮೆ ಕೋರುವ ದನಿಯಲ್ಲೂ ಅಲ್ಲದೆ, ನೀವಿಬ್ಬರೂ ಮಾಡಿಕೊಂಡಿರುವ ಏರ್ಪಾಡನ್ನು ಎರಡು ವಾಕ್ಯಗಳಲ್ಲಿ ಹೇಳಿ, ಮುಂದಿನ ಪ್ರಶ್ನೆಗೆ ಕಾಯಿರಿ.